ತಿಕೋಟಾದ ದ್ರಾಕ್ಷಿ ಬೆಳೆಗಾರರು ಗಡಿಯಾಚೆಯವರೊಂದಿಗೆ ಸಂಘ ಕಟ್ಟಿದ್ದೇಕೆ

ಕರ್ನಾಟಕದ ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿದ್ದುಕೊಂಡು ಮಹಾರಾಷ್ಟ್ರದ ರೈತರನ್ನು ಸೇರಿಸಿಕೊಂಡು ಸಂಘ ಕಟ್ಟುವ ಅಗತ್ಯವೇನಿತ್ತು, ಕೃಷಿ ಮಾಹಿತಿಯೆಲ್ಲ ಈಗ ಮೊಬೈಲಿನಲ್ಲೇ ಸಿಗುವುದಿಲ್ಲವೇ ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ನಾವು ಮರಾಠಿಗರ ಬೆನ್ನು ಹತ್ತಿದ್ದೇವೆ ಎಂಬ ಧ್ವನಿಯೂ ಆ ಪ್ರಶ್ನೆಯಲ್ಲಿ ಕೇಳಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖ ಮುಂತಾದ ಊರುಗಳಲ್ಲಿ ಮನೆಮಾತು ಕನ್ನಡ. ನಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಕೊಟ್ಟಿದ್ದೇವೆ, ಅಲ್ಲಿಂದ ಸೊಸೆಯಂದಿರನ್ನು ತಂದಿದ್ದೇವೆ. ನಮ್ಮ ಸಂಘದ ಸಭೆ ನಡೆಯುವುದು ಕನ್ನಡದಲ್ಲಿ, ದಾಖಲೆ ಬರೆಯುವುದೂ ಕನ್ನಡದಲ್ಲಿ. ಇಷ್ಟು ಹೇಳಿದ ಮೇಲೆ ಭಾಷೆಯ ವಿಚಾರವನ್ನು ಬಿಟ್ಟು ಬೆಳೆಯ ವಿಚಾರಕ್ಕೆ ಬರುತ್ತೇನೆ.

ದ್ರಾಕ್ಷಿಯಲ್ಲಿ ಅರ್ಧದಷ್ಟು ವಿದ್ಯೆ ರೈತರಿಂದ ರೈತರಿಗೆ ಬಂದದ್ದು. ನಮ್ಮಲ್ಲಿ ಹೆಸರಾದ ಸೋನಾಕಾ ತಳಿಯನ್ನು ಕಂಡುಹಿಡಿದದ್ದು ಯಾವ ಪ್ರಯೋಗಾಲಯವೂ ಅಲ್ಲ. ಸೋಲಾಪುರ ಜಿಲ್ಲೆಯ ನಾನಜ್ ಊರಿನ ನಾನಾಸಾಹೇಬ ಕಾಳೆ ಎಂಬ ಬೆಳೆಗಾರರು ಥಾಮ್ಸನ್ ಸೀಡ್‌ಲೆಸ್ ಬಳ್ಳಿಗಳ ನಡುವೆ ಉದ್ದ ಕಾಯಿಯ ಬಳ್ಳಿಯನ್ನು ಗುರುತಿಸಿ ಬೆಳೆಸಿದ ತಳಿ ಅದು. ತಾಸ್-ಎ-ಗಣೇಶ್, ಮಾಣಿಕ್ ಚಮನ್ ತಳಿಗಳೂ ಹೀಗೆಯೇ ರೈತರ ತೋಟಗಳಲ್ಲಿ ಹುಟ್ಟಿದವು. ಒಣದ್ರಾಕ್ಷಿ ಮಾಡುವಾಗ ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಷಿಯಂ ಕಾರ್ಬೋನೇಟ್, ಹಣ್ಣು ಬೇಗ ಒಣಗಲೆಂದು ಬಳಸುವ ಡಿಪ್ಪಿಂಗ್ ಆಯಿಲ್ 15 ಮಿ.ಲೀ. ಬೆರೆಸಿ, ಗೊಂಚಲನ್ನು ಅದ್ದಿ, ನೆರಳಿನ ಶೆಡ್ಡಿನಲ್ಲಿ ಹರವುವ ಕ್ರಮವೂ ನಮಗೆ ಸಾಂಗಲಿ ಜಿಲ್ಲೆಯ ತಾಸಗಾಂವ ಕಡೆಯ ಬೆಳೆಗಾರರನ್ನು ನೋಡಿ ಬಂದದ್ದು. ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರವಾಗಿದ್ದರೆ, ಕಲ್ಲುಭೂಮಿಯಲ್ಲಿ ಕೊಳವೆಬಾವಿ ಕೊರೆಸಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಇಲ್ಲಿನ ಜನರ ದುಡಿಮೆಯ ಜೊತೆಗೆ ಈ ಕೊಡುಕೊಳ್ಳುವಿಕೆಯೂ ಅದಕ್ಕೆ ಕಾರಣ.

ಮೊಬೈಲಿನಲ್ಲಿ ಸಿಗದೆ ಸಂಘದಲ್ಲಿ ಮಾತ್ರ ಸಿಗುವುದು ಏನು ಎಂಬುದಕ್ಕೆ ದಾವಣಿ ರೋಗದ (ಡೌನಿ ಮಿಲ್ಡ್ಯೂ ಎಂಬ ಬೂಜು ರೋಗ) ಉದಾಹರಣೆ ಸಾಕು. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡಿ ಹೊಸ ಚಿಗುರು ಬರುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ, ಎಲೆಯ ಮೇಲೆ ಎಣ್ಣೆ ಸವರಿದಂಥ ಹಳದಿ ಚುಕ್ಕೆ ಕಾಣಿಸುತ್ತದೆ. ಅದು ದಾವಣಿಯೋ ಅಲ್ಲವೋ ಎಂಬ ಅನುಮಾನವಿದ್ದರೆ ಆ ಎಲೆಯನ್ನು ನೀರು ಚಿಮುಕಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಇಡುತ್ತೇವೆ. ದಾವಣಿಯಾಗಿದ್ದರೆ ಬೆಳಿಗ್ಗೆ ಎಲೆಯ ಕೆಳಮೈಯಲ್ಲಿ ಬಿಳಿ ಬೂಜು ಎದ್ದಿರುತ್ತದೆ. ಅದು ಖಚಿತವಾದ ಗಳಿಗೆಯಿಂದ ಸುತ್ತಲಿನ ಎಲ್ಲರೂ ಎಚ್ಚರವಾಗಬೇಕು, ಏಕೆಂದರೆ ರೋಗದ ಬೀಜಕಣಗಳು ತೇವದ ಗಾಳಿಯಲ್ಲಿ ಪಕ್ಕದ ತೋಟಗಳಿಗೆ ಹಬ್ಬುತ್ತವೆ. ನಮ್ಮ ಸಂಘದ ಪುಸ್ತಕದಲ್ಲಿ ಪ್ರತಿ ಸದಸ್ಯರೂ ಚಾಟನಿ ಮಾಡಿದ ದಿನ, ಮಳೆ ಬಿದ್ದ ದಿನ, ಹೊಡೆದ ಔಷಧ, ಅದರಿಂದ ರೋಗ ನಿಂತಿತೋ ಇಲ್ಲವೋ ಎಂಬುದನ್ನು ಬರೆಯುತ್ತಾರೆ. ಜತ್ತದ ಕಡೆ ಯಾವ ಔಷಧಕ್ಕೆ ರೋಗ ಬಗ್ಗಲಿಲ್ಲ ಎಂಬುದು ಮರುದಿನವೇ ನಮಗೆ ತಿಳಿದರೆ ಒಂದು ಸುತ್ತಿನ ಖರ್ಚು ಉಳಿಯುತ್ತದೆ, ಗೊಂಚಲೂ ಉಳಿಯುತ್ತದೆ.

ಆದರೆ ಇಂಥ ಸಂಘವನ್ನು ನಡೆಸುವುದರಲ್ಲಿ ನಮ್ಮನ್ನು ಸದಾ ಕಾಡುವ ಒಂದು ತೊಡಕಿದೆ. ಇಲ್ಲಿ ಯಾವುದೇ ಯೋಜನೆಗೂ ರೈತರ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆ ಬೇಕು, ಆ ಸಂಖ್ಯೆ ಸಿಗಬೇಕಾದರೆ ಜಮೀನು ಕರ್ನಾಟಕದಲ್ಲಿರಬೇಕು. ಜತ್ತದ ಸದಸ್ಯರ ಕೈಯಲ್ಲಿರುವುದು ಮಹಾರಾಷ್ಟ್ರದ ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿಯಂಥ ಜಮೀನಿನ ದಾಖಲೆ. ಒಮ್ಮೆ ಒಂದು ಕಚೇರಿಯವರು ಏರ್ಪಡಿಸಿದ ತರಬೇತಿಗೆ ನಾವೆಲ್ಲ ಕೂಡಿಯೇ ಹೋದಾಗ, ಆಚೆಯವರ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಬರೆಯಲು ಬರುವುದಿಲ್ಲವೆಂದು ಹೇಳಿ ಅವರನ್ನು ಹೊರಗೆ ಕೂರಿಸಿದರು. ನಮ್ಮ ತೋಟಗಳಿಗೆ ಹಗಲಿರುಳೆನ್ನದೆ ಬಂದು ಬಳ್ಳಿ ನೋಡಿ ಹೋದ ಹಿರಿಯರು ಅವರು. ಆ ಅವಮಾನ ನನಗೆ ಇಂದಿಗೂ ಆರಿಲ್ಲ. ಗಡಿಯಾಚೆಯ ಶಿಬಿರಗಳಲ್ಲಿ ಇದೇ ಮಾತು ನಮಗೂ ಎದುರಾಗುತ್ತದೆ. ನಮ್ಮ ಕಾಕಾ ಅವರ ತೋಟ ಅರ್ಧ ಇಲ್ಲಿ, ಅರ್ಧ ಅಲ್ಲಿ ಇದೆ; ಒಂದೇ ಅಕಾಲಿಕ ಮಳೆಗೆ ಎರಡೂ ಕಡೆ ಹಾನಿಯಾದಾಗ ಅವರು ಎರಡು ರಾಜ್ಯಗಳ ಕಚೇರಿಗಳಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಫೋಟೋ ಹಿಡಿದು ತಿರುಗಬೇಕಾಯಿತು. ಇಷ್ಟೆಲ್ಲ ಆದ ಮೇಲೂ ನಮ್ಮ ಕನ್ನಡತನವನ್ನು ಬೆಂಗಳೂರಿನವರು ಪ್ರಶ್ನಿಸಿದರೆ ನೋವಾಗುತ್ತದೆ. ಕರ್ನಾಟಕವನ್ನು ನಾವು ಬಿಟ್ಟುಕೊಟ್ಟಿಲ್ಲ, ಆಚೆಯ ಕನ್ನಡಿಗರನ್ನೂ ಬಿಟ್ಟುಕೊಡಲಾರೆವು.

ಪುಣೆಯ ಮಾಂಜರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ನಮ್ಮದೇ ಜಿಲ್ಲೆಯ ತಿಡಗುಂದಿಯಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕೇಂದ್ರವಿದೆ. ಈ ಎರಡರ ಸಲಹೆಗಳನ್ನೂ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಹೊಂದಿಸಿಕೊಳ್ಳುವುದು ಸಂಘದ ಕೆಲಸ. ಈ ವರ್ಷ ಅಕ್ಟೋಬರ್ ಚಾಟನಿಗೆ ಮುಂಚೆ ವಿಜ್ಞಾನಿಗಳನ್ನು ನಮ್ಮ ತೋಟಕ್ಕೇ ಕರೆಸುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿ ಹಾಜರಿ ಪುಸ್ತಕ ನಮ್ಮದೇ ಆಗಿರುವುದರಿಂದ ಜತ್ತದವರ ಹೆಸರನ್ನೂ ಅದರಲ್ಲಿ ಬರೆಯುತ್ತೇವೆ. ಇಲಾಖೆಗೆ ಬೇಕಾದ ಪಟ್ಟಿಯನ್ನು ಬೇರೆಯಾಗಿ ಕೊಡುತ್ತೇವೆ. ನೀವೂ ಆ ದಿನ ಬನ್ನಿ.