ಹರಿಯುವ ನೀರಿನ ಫೋಟೋ ತೆಗೆದರೆ ನೀರೆಲ್ಲ ಬರೀ ಬಿಳಿ ಪಟ್ಟಿಯಾಗುತ್ತಿದೆ, ಏನು ಮಾಡಲಿ?

ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ಕಡಿಮೆ ಮಾಡುವ ಗಾಢ ಗಾಜು) ಕೊಂಡಿದ್ದೇನೆ, ಜಲಪಾತಕ್ಕೆ 20 ಸೆಕೆಂಡ್ ಶಟರ್ ಇಡುತ್ತಿದ್ದೇನೆ ಎಂದು ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ. ಫಿಲ್ಟರಿನಲ್ಲಿ ದೋಷವಿಲ್ಲ, ಸಮಯ ಜಾಸ್ತಿ ಆಯಿತು ಅಷ್ಟೇ.

ಬೀಳುವ ನೀರಿಗೆ ಅಷ್ಟು ಹೊತ್ತು ಬೇಕಾಗಿಲ್ಲ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ನೀರು ನಯವಾಗಿಯೂ ಕಾಣುತ್ತದೆ, ಅದರ ಎಳೆಗಳೂ ಉಳಿಯುತ್ತವೆ. ಅದನ್ನು ದಾಟಿ ಮುಂದೆ ಹೋದಷ್ಟೂ ಎಳೆಯ ಮೇಲೆ ಎಳೆ ಕೂತು, ಎಲ್ಲ ಸೇರಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಲೆಕ್ಕ ಸುಲಭ, ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ, ಶಟರ್ ಸಮಯ ಎರಡು ಪಟ್ಟಾಗುತ್ತದೆ: ಫಿಲ್ಟರ್ ಇಲ್ಲದೆ 1/60 ಸೆಕೆಂಡ್ ಬರುತ್ತಿದ್ದರೆ ಮೂರು ಸ್ಟಾಪ್ ಹಾಕಿದಾಗ ಸುಮಾರು 1/8, ಆರು ಸ್ಟಾಪ್ ಹಾಕಿದಾಗ ಒಂದು ಸೆಕೆಂಡ್, ಹತ್ತು ಸ್ಟಾಪ್ ಹಾಕಿದರೆ ನೇರವಾಗಿ 16 ಸೆಕೆಂಡಿನ ಹತ್ತಿರ. ಹಾಗಾಗಿ ಜಲಪಾತ, ತೊರೆಗಳಿಗೆ ಮೂರು ಅಥವಾ ಆರು ಸಾಕು. ಹತ್ತನ್ನು ಸರೋವರಕ್ಕೆ, ಸಮುದ್ರಕ್ಕೆ ಇಟ್ಟುಕೊಳ್ಳಿ. ಅಲ್ಲಿ ಅಲೆಗಳೆಲ್ಲ ಅಳಿಸಿ ಮಂಜಿನ ಹಾಗೆ ಕಾಣಬೇಕು ಅನ್ನಿಸಿದಾಗ ಅದು ಕೆಲಸಕ್ಕೆ ಬರುತ್ತದೆ.

ನಿಜ ಹೇಳಬೇಕೆಂದರೆ ಮೋಡ ಕವಿದ ದಿನ ನಾನು ಎನ್‌ಡಿ ಹಾಕುವುದೇ ಕಡಿಮೆ. ಪೋಲರೈಸರ್ ಫಿಲ್ಟರ್ ಒಂದೇ ಸಾಕಾಗುತ್ತದೆ. ಒಂದೂವರೆ ಎರಡು ಸ್ಟಾಪ್ ಬೆಳಕನ್ನು ಅದೂ ತಿನ್ನುತ್ತದೆ, ಜೊತೆಗೆ ಒದ್ದೆ ಬಂಡೆ, ಎಲೆಗಳ ಮೇಲಿನ ಹೊಳಪನ್ನು ತೆಗೆದು ಒಳಗಿನ ಬಣ್ಣ ತೋರಿಸುತ್ತದೆ. ಎಲ್ಲ ಹೊಳಪನ್ನೂ ತೆಗೆಯಬೇಡಿ, ನೀರು ಸತ್ತಂತೆ ಕಾಣುತ್ತದೆ. ನೆತ್ತಿಯ ಮೇಲೆ ಬಿಸಿಲಿದ್ದಾಗ ಮಾತ್ರ ಬಿಳಿ ನೊರೆಯಲ್ಲಿ ವಿವರ ಉಳಿಸುವುದು ಬಹಳ ಕಷ್ಟ. ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಬಲ ತುದಿ, ಅಂದರೆ ಅತಿ ಬೆಳ್ಳಗಿನ ಭಾಗ, ನೋಡಿಕೊಂಡು ಸ್ವಲ್ಪ ಕಡಿಮೆ ಎಕ್ಸ್‌ಪೋಸ್ ಮಾಡಿ.

ಇನ್ನೊಂದು ಮಾತು. ನೀರು ಅಂದರೆ ನಯವಾಗಿಯೇ ಇರಬೇಕು ಅಂತ ಯಾರು ಹೇಳಿದ್ದು? ಐಸ್‌ಲ್ಯಾಂಡಿನ ಸ್ಕೋಗಾಫೋಸ್ ಜಲಪಾತ ಸುಮಾರು 60 ಮೀಟರ್ ಎತ್ತರದಿಂದ ಧಡ್ ಎಂದು ಬೀಳುತ್ತದೆ, ಹತ್ತಿರ ಹೋದರೆ ಮಾತು ಕೇಳಿಸುವುದಿಲ್ಲ. ಅದನ್ನು ರೇಷ್ಮೆಯಾಗಿಸಿದರೆ ಆ ಅಬ್ಬರವೇ ಹೋಯಿತು, ಅಲ್ವಾ? ನಾನಲ್ಲಿ 1/1000 ಸೆಕೆಂಡ್ ಇಟ್ಟು, ಬುಡದಲ್ಲಿ ನಿಂತ ಜನರನ್ನೂ ಚೌಕಟ್ಟಿಗೆ ಸೇರಿಸಿ ತೆಗೆದ ಫೋಟೋಗಳೇ ನನಗೆ ಇವತ್ತಿಗೂ ಹೆಚ್ಚು ಇಷ್ಟ. ಹನಿಗಳು ಲೆನ್ಸ್ ಮೇಲೆ ಕೂರುತ್ತಲೇ ಇರುತ್ತವೆ; ಒರೆಸಿ, ತಕ್ಷಣ ಒತ್ತಿ, ಮತ್ತೆ ಒರೆಸಿ.

ಅದೇ ದೇಶದ ಯೋಕುಲ್ಸಾರ್ಲೋನ್ ಎಂಬ ಹಿಮನದಿ ಸರೋವರದ ಹತ್ತಿರ ಕಪ್ಪು ಮರಳಿನ ಮೇಲೆ ಮಂಜುಗಡ್ಡೆಗಳು ಬಂದು ಬೀಳುವ ತೀರವೊಂದಿದೆ. ಅಲ್ಲಿ ಅಲೆ ಬರುವಾಗ ಒತ್ತಿದರೆ ಬರೀ ನೊರೆ. ಅಲೆ ಹಿಂದೆ ಸರಿಯಲು ಶುರುವಾದ ಕ್ಷಣ ಅರ್ಧ ಸೆಕೆಂಡ್ ಇಟ್ಟು ಒತ್ತಿದರೆ ಗಡ್ಡೆಯ ಸುತ್ತ ಬಿಳಿ ಗೆರೆಗಳು ಮೂಡುತ್ತವೆ. ಯಾವ ಸಮುದ್ರತೀರದಲ್ಲಾದರೂ ಇದು ನಡೆಯುತ್ತದೆ, ಆದರೆ ಅಲೆಗಳು ಒಂದೇ ರೀತಿ ಇರುವುದಿಲ್ಲ, ಒಂದೇ ಜಾಗದಲ್ಲಿ ನಿಂತು ಸುಮ್ನೆ ಒತ್ತುತ್ತಾ ಇರಬೇಕು. ಟ್ರೈಪಾಡ್ ಕಾಲುಗಳನ್ನು ಮೊದಲೇ ಮರಳಿಗೆ ಒತ್ತಿ ಕೂರಿಸಿ, ಇಲ್ಲದಿದ್ದರೆ ಅಲೆ ಬಂದಾಗ ಕುಸಿದು ಫೋಟೋ ಅಲ್ಲಾಡುತ್ತದೆ. ಫೋಕಸ್ ಮಾಡಿ, ಮ್ಯಾನ್ಯುಯಲ್ ಫೋಕಸ್‌ಗೆ ಹಾಕಿ, ಆಮೇಲೆ ಗಾಢ ಫಿಲ್ಟರ್ ಹಾಕಿ. ಎರಡು ಸೆಕೆಂಡಿನ ಟೈಮರ್‌ಗಿಂತ ರಿಮೋಟ್ ಒಳ್ಳೆಯದು, ಅಲೆ ನಿಮ್ಮ ಟೈಮರ್‌ಗೆ ಕಾಯುವುದಿಲ್ಲ.

ಕ್ಯಾಮೆರಾ ನೋಡುತ್ತಾ ಸಮುದ್ರ ಮರೆಯಬೇಡಿ. ಐಸ್‌ಲ್ಯಾಂಡಿನದೇ ರೇನಿಸ್‌ಫ್ಯಾರಾ ತೀರದಲ್ಲಿ ಇದ್ದಕ್ಕಿದ್ದಂತೆ ನುಗ್ಗುವ ದೊಡ್ಡ ಅಲೆಗಳು ಪ್ರವಾಸಿಗರ ಜೀವ ತೆಗೆದಿವೆ. ಹೋದ ಕೂಡಲೇ ಟ್ರೈಪಾಡ್ ಬಿಚ್ಚದೆ ಸ್ವಲ್ಪ ಹೊತ್ತು ದೂರದಿಂದ ಅಲೆ ಎಲ್ಲಿವರೆಗೆ ಬರುತ್ತದೆ ನೋಡಿ. ವಾಪಸ್ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು, ಮರಳು ಸೇರಿಕೊಂಡರೆ ಆ ಲಾಕ್‌ಗಳು ಮುಂದಿನ ಸಲ ತಿರುಗುವುದಿಲ್ಲ.