ಕೇರಿಯ ಹೆಂಗಸರು ಸಭೆಯಲ್ಲಿ ಮಾತಾಡದಿದ್ದರೆ

ತೊಂದರೆ ಬಹುಶಃ ನಿಮ್ಮ ಮಾತಿನಲ್ಲಿಲ್ಲ, ಸಭೆ ಸೇರುವ ಜಾಗದಲ್ಲಿದೆ. ಚಳ್ಳಕೆರೆ ಕಡೆ ಸಮಾಜಕಾರ್ಯದ ಫೀಲ್ಡ್ ವರ್ಕ್ ಮಾಡುತ್ತಿದ್ದೀರಿ, ದಲಿತ ಕೇರಿಯ ಹೆಂಗಸರು ಸಭೆಗೆಂದು ಪಂಚಾಯಿತಿ ಕಟ್ಟಡಕ್ಕೆ ಬರುತ್ತಾರೆ, ಅವಮಾನ, ದೌರ್ಜನ್ಯದ ನೋವಿನ ವಿಷಯ ತೆಗೆದರೆ ಸುಮ್ಮನಾಗುತ್ತಾರೆ ಅಂದಿದ್ದೀರಿ. ಯಾರ ಹೊಲಕ್ಕೆ ಕೂಲಿಗೆ ಹೋಗುತ್ತಾರೋ ಅವರೇ ಬಾಗಿಲಲ್ಲಿ ನಿಂತಿದ್ದರೆ ಯಾರು ಬಾಯಿ ಬಿಡುತ್ತಾರೆ? ಊರು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಮೊದಲು ಇದನ್ನೇ ಬದಲಿಸಿ ನೋಡಿ.

ನಿಮ್ಮ ಮೇಲ್ವಿಚಾರಕರಿಗೆ ತಿಳಿಸಿ, ಮುಂದಿನ ಸಲ ಕೂಲಿ ಮುಗಿದ ಮೇಲೆ ಕೇರಿಯಲ್ಲೇ ಯಾರದಾದರೂ ಜಗಲಿ ಮೇಲೆ ಕೂತುಕೊಳ್ಳಿ. ಆಶಾ ಕಾರ್ಯಕರ್ತೆ ಅದೇ ಕೇರಿಯವರಾದರೆ ಅವರ ಜೊತೆ ಹೋಗಿ. ಫಾರಂ, ಮೊಬೈಲ್ ಹೊರಗೆ ತೆಗೆಯಬೇಡಿ. ನೋವಿನ ಬಗ್ಗೆ ಕೇಳಲೂ ಬೇಡಿ. ನೀರು, ಪಡಿತರ, ಪಿಂಚಣಿ, ಸ್ಮಶಾನದ ಜಾಗ, ಯಾವುದು ನಿಂತಿದೆ ಕೇಳಿ. ಒಂದೇ ಒಂದು ಕೆಲಸ ಹಿಡಿದು, ಅವರನ್ನೇ ಮುಂದೆ ಬಿಟ್ಟು ಮುಗಿಸಿ. ಸಿಗಬೇಕಾದ್ದು ಸಿಗದೆ ಬರೀ ಸಮಾಧಾನ ಹೇಳಿದರೆ ಗಾಯ ಮಾಯುವುದಿಲ್ಲ, ಅಲ್ವಾ?

ಆಮೇಲೆ ಮಾತು ಬರುತ್ತದೆ. ದೌರ್ಜನ್ಯದ ವಿಷಯ ಬಂದರೆ ರಾಜಿ ಮಾಡಿಸಲು ಹೋಗಬೇಡಿ. ಒಪ್ಪಿಗೆ ಇಲ್ಲದೆ ದೂರು ಬರೆಯಬೇಡಿ, ವರದಿಯಲ್ಲಿ ಹೆಸರೂ ಬೇಡ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಮಾತ್ರ ಬೇರೆ: 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಿದ್ದೆ ಇಲ್ಲ, ಬದುಕೇ ಬೇಡ ಅನ್ನುವವರಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಫೋನ್ ಹಚ್ಚಿಕೊಡಿ, ಕನ್ನಡದಲ್ಲೇ ಮಾತಾಡಬಹುದು.