ಮೇಜಿನ ಕೆಳಹಲಗೆಗೆ ಅಡ್ಡಪಟ್ಟಿಯ ಆಸರೆ

ನಾಲ್ಕು ಕಾಲಿನ ಮರದ ಮೇಜಿನ ಕೆಳಗೆ ಪುಸ್ತಕಗಳಿಗಾಗಿ ಪ್ಲೈವುಡ್ ಹಲಗೆಯೊಂದನ್ನು ಕೂರಿಸಲು, ಕಾಲುಗಳ ಹೊರಗಿನಿಂದ ಹಲಗೆಯ ಅಂಚಿಗೆ ಸ್ಕ್ರೂ ಹೊಡೆದರೆ ಸಾಕೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ಪ್ಲೈವುಡ್ಡಿನ ಅಂಚಿನಲ್ಲಿ ಸ್ಕ್ರೂವಿಗೆ ಹಿಡಿತ ಕಡಿಮೆ. ಪುಸ್ತಕಗಳ ಭಾರ ಬಿದ್ದಂತೆ ಪದರಗಳು ಬಿಟ್ಟುಕೊಳ್ಳುತ್ತವೆ.

ಬದಲಿಗೆ, ಮೇಜಿನ ಎರಡೂ ಗಿಡ್ಡ ಬದಿಗಳಲ್ಲಿ ಕಾಲಿನಿಂದ ಕಾಲಿಗೆ ಸುಮಾರು 40 ಮಿ.ಮೀ. ಅಗಲದ ಗಟ್ಟಿಮರದ ಅಡ್ಡಪಟ್ಟಿಯನ್ನು ಒಳಮೈಗೆ ಅಂಟು ಮತ್ತು ಸ್ಕ್ರೂಗಳಿಂದ ಬಿಗಿದು, ಅದರ ಮೇಲೆ ಹಲಗೆಯನ್ನು ಕೂರಿಸಿ. ಹಲಗೆಯ ಉದ್ದ ಕಾಲುಗಳ ನಡುವಿನ ಅಂತರಕ್ಕಿಂತ 2 ಮಿ.ಮೀ. ಕಡಿಮೆಯಿದ್ದರೆ ಮೂಲೆ ಕತ್ತರಿಸುವ ಗೋಜೇ ಇರುವುದಿಲ್ಲ.

ಎತ್ತರವನ್ನು ನೆಲದಿಂದ ಅಳೆಯಬೇಡಿ, ಏಕೆಂದರೆ ನೆಲವೂ ಕಾಲುಗಳೂ ಸಮವಾಗಿರುವುದು ಅಪರೂಪ. ಮೇಜನ್ನು ಬೋರಲು ಹಾಕಿ, ಬೇಕಾದ ಉದ್ದಕ್ಕೆ ಕೊಯ್ದ ಒಂದೇ ಕಡ್ಡಿಯನ್ನು ಪ್ರತಿ ಕಾಲಿನ ಪಕ್ಕದಲ್ಲೂ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಈ ಕೆಲಸಕ್ಕೆ ಟೇಪಿಗಿಂತ ಕಡ್ಡಿಯೇ ನಂಬಿಕಸ್ತ. 4 ಮಿ.ಮೀ. ಸ್ಕ್ರೂವಿಗೆ ಮೊದಲು 3 ಮಿ.ಮೀ. ತೂತು ಕೊರೆಯದಿದ್ದರೆ ಕಾಲು ಸೀಳುವ ಅಪಾಯವಿದೆ.

ಮೇಜು 90 ಸೆಂ.ಮೀ.ಗಿಂತ ಉದ್ದವಿದ್ದರೆ 12 ಮಿ.ಮೀ. ಪ್ಲೈವುಡ್ ನಡುವೆ ಜೋತುಬೀಳುತ್ತದೆ. 18 ಮಿ.ಮೀ. ಬಳಸಿ, ಮುಂದಿನ ಅಂಚಿನ ಅಡಿಗೆ ಉದ್ದಕ್ಕೂ ಪಟ್ಟಿಯೊಂದನ್ನು ಚಪ್ಪಟೆಯಾಗಿ ಮಲಗಿಸದೆ ನಿಲುವಾಗಿ ಅಂಟಿಸಿ.